37 ಸೀಟಿಗೆ ಮುಖ್ಯಮಂತ್ರಿ ಪಟ್ಟ ಹೇಗೆ? ಕಾಂಗ್ರೆಸ್–ಜೆಡಿಎಸ್ ಮೈತ್ರಿಯ ಒಳಲೆಕ್ಕ

2018ರ ಮೇ ತಿಂಗಳೊಂದರಲ್ಲೇ ಕರ್ನಾಟಕ ಮೂವರು ಮುಖ್ಯಮಂತ್ರಿಗಳನ್ನು ಕಂಡಿತು. 15ರಂದು ಫಲಿತಾಂಶ ಬಂದ ಮೇಲೆ ಸಿದ್ದರಾಮಯ್ಯ ರಾಜೀನಾಮೆ ಕೊಟ್ಟರು. 17ರ ಬೆಳಿಗ್ಗೆ ಬಿ.ಎಸ್. ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು, 19ರ ಸಂಜೆ ಬಹುಮತ ಕೇಳುವ ಮೊದಲೇ ಇಳಿದರು. 23ರಂದು ಎಚ್.ಡಿ. ಕುಮಾರಸ್ವಾಮಿ ವಿಧಾನಸೌಧದ ಮುಂದೆ ಪ್ರಮಾಣ ಮಾಡಿದರು. ಅವರ ಜೊತೆ ಕಾಂಗ್ರೆಸ್ಸಿನ ಜಿ. ಪರಮೇಶ್ವರ ಉಪಮುಖ್ಯಮಂತ್ರಿಯಾದರು. ಜೂನ್ 1ರ ಶುಕ್ರವಾರ ಎರಡೂ ಪಕ್ಷಗಳು ಖಾತೆ ಹಂಚಿಕೆಯ ಒಪ್ಪಂದವನ್ನು ಪ್ರಕಟಿಸಿದವು. ಈ ಬರಹ ಅದರ ಬೆನ್ನಲ್ಲೇ, 2018ರ ಜೂನ್ ಮೊದಲ ವಾರದಲ್ಲಿ ಬರೆದದ್ದು; ಇಲ್ಲಿ ‘ಈಗ’ ಎಂದರೆ ಆ ದಿನಗಳು.

ಜನರಿಗೆ ಗೊಂದಲ ಆಗಿರುವುದು ಸಹಜ. 104 ಸೀಟು ಗೆದ್ದ ಪಕ್ಷ ವಿರೋಧ ಪಕ್ಷದ ಸಾಲಿನಲ್ಲಿ ಕೂತಿದೆ. 78 ಗೆದ್ದ ಪಕ್ಷ ಉಪಮುಖ್ಯಮಂತ್ರಿ ಸ್ಥಾನಕ್ಕೆ ಒಪ್ಪಿಕೊಂಡಿದೆ. 37 ಗೆದ್ದ ಪಕ್ಷ ಮುಖ್ಯಮಂತ್ರಿ ಕುರ್ಚಿ ಹಿಡಿದಿದೆ. ಅದೂ ಯಾರ ಜೊತೆ? ಕುಮಾರಸ್ವಾಮಿ ‘ಅಪ್ಪನಾಣೆ’ಗೂ ಮುಖ್ಯಮಂತ್ರಿ ಆಗಲ್ಲ ಎಂಬ ಸಿದ್ದರಾಮಯ್ಯನವರ ಮಾತು ಪ್ರಚಾರದಲ್ಲಿ ಎಷ್ಟು ಓಡಾಡಿತು ಎಂಬುದು ಎಲ್ಲರಿಗೂ ನೆನಪಿದೆ. ಜೆಡಿಎಸ್ ಎಂದರೆ ಬಿಜೆಪಿಯ ‘ಬಿ ಟೀಂ’ ಎಂದು ರಾಹುಲ್ ಗಾಂಧಿ ಊರೂರಲ್ಲಿ ಹೇಳಿದ್ದರು. ಎಣ್ಣೆ ಸೀಗೆಕಾಯಿ ಎನ್ನುವಂತಿದ್ದವರು ಫಲಿತಾಂಶದ ದಿನ ಸಂಜೆಯೊಳಗೆ ಒಂದಾದರು.

ಇದನ್ನು ಬರೀ ಅಧಿಕಾರದ ಆಸೆ ಎಂದು ತಳ್ಳಿಹಾಕುವುದು ಸುಲಭ. ಆಸೆ ಇದೆ, ಇಲ್ಲ ಎಂದವರು ಯಾರು? ಆದರೆ ಆಸೆ ಮೂರೂ ಪಕ್ಷಕ್ಕಿತ್ತು. ಇದೇ ಜೋಡಿ ಯಾಕೆ ಕೂಡಿತು, ಇದೇ ಬೆಲೆಗೆ ಯಾಕೆ ಕೂಡಿತು, ಮುಂದೆ ಎಲ್ಲಿ ಬಿರುಕು ಬಿಡಬಹುದು ಎಂಬುದಕ್ಕೆ ಬೇರೆಯೇ ಕಾರಣಗಳಿವೆ.

ಮೂವರಿಗೂ ಒಂದೇ ಬಲ

ವಿಧಾನಸಭೆಯ 224 ಕ್ಷೇತ್ರಗಳಲ್ಲಿ ಮೇ 12ರಂದು ಮತದಾನ ನಡೆದದ್ದು 222ರಲ್ಲಿ. ಜಯನಗರದಲ್ಲಿ ಬಿಜೆಪಿ ಅಭ್ಯರ್ಥಿ ತೀರಿಕೊಂಡಿದ್ದರಿಂದ ಚುನಾವಣೆ ಮುಂದಕ್ಕೆ ಹೋಯಿತು. ರಾಜರಾಜೇಶ್ವರಿ ನಗರದಲ್ಲಿ ಮತದಾರರ ಗುರುತಿನ ಚೀಟಿಗಳ ರಾಶಿ ಸಿಕ್ಕಿದ್ದರಿಂದ ಅಲ್ಲೂ ಮುಂದೂಡಿದರು. 222ರಲ್ಲಿ ಬಹುಮತ ಎಂದರೆ 112.

ಈಗ ಕೂಡಿಸಿ ನೋಡಿ. ಬಿಜೆಪಿ ಮತ್ತು ಕಾಂಗ್ರೆಸ್ ಸೇರಿದರೆ 182. ಬಿಜೆಪಿ ಮತ್ತು ಜೆಡಿಎಸ್ ಸೇರಿದರೆ 141. ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿದರೆ 115. ಯಾವ ಎರಡು ಸೇರಿದರೂ ಸರ್ಕಾರ ಆಗುತ್ತದೆ. ಯಾವ ಒಂದೂ ಒಂಟಿಯಾಗಿ ಸರ್ಕಾರ ಮಾಡಲಾರದು. ಅಂದರೆ ಸದನದಲ್ಲಿ 104ಕ್ಕೂ 37ಕ್ಕೂ ದೊಡ್ಡ ವ್ಯತ್ಯಾಸ ಕಂಡರೂ, ಚೌಕಾಸಿಗೆ ಕೂತಾಗ ಆ ವ್ಯತ್ಯಾಸ ಕರಗಿಹೋಗುತ್ತದೆ. ಮೂವರಲ್ಲಿ ಯಾರನ್ನು ಬಿಟ್ಟರೂ ಉಳಿದಿಬ್ಬರಿಗೆ ಕೆಲಸ ನಡೆಯುತ್ತದೆ.

ಇನ್ನೊಂದು ಅಂಶ ಸೇರಿಸಿದರೆ ಜೆಡಿಎಸ್ ಕೈ ಇನ್ನೂ ಮೇಲಾಗುತ್ತದೆ. ಬಿಜೆಪಿ ಮತ್ತು ಕಾಂಗ್ರೆಸ್ ಒಟ್ಟಿಗೆ ಕೂರುವುದು ಲೆಕ್ಕದಲ್ಲಿ ಮಾತ್ರ ಸಾಧ್ಯ, ನೆಲದ ಮೇಲೆ ಸಾಧ್ಯವಿಲ್ಲ. ಉಳಿದದ್ದು ಎರಡು ಜೋಡಿ. ಎರಡರಲ್ಲೂ ಜೆಡಿಎಸ್ ಇದೆ. ಯಾರ ಜೊತೆ ಹೋದರೂ ತಾನಿರುತ್ತೇನೆ ಎಂಬುದು ಗೊತ್ತಿರುವ ಪಕ್ಷ ಸುಮ್ನೆ ಎರಡು ಖಾತೆ ತೆಗೆದುಕೊಂಡು ಕೂರುತ್ತದೆಯೇ? ಮುಖ್ಯಮಂತ್ರಿ ಸ್ಥಾನ ಕೇಳುತ್ತದೆ. ಕೇಳದೆಯೂ ಸಿಗುತ್ತದೆ. ಈ ಸಲ ಆದದ್ದು ಅದೇ. ಎಣಿಕೆ ಪೂರ್ತಿ ಮುಗಿಯುವ ಮೊದಲೇ ಕಾಂಗ್ರೆಸ್ ತಾನಾಗಿಯೇ ಕುರ್ಚಿ ನೀಡಲು ಮುಂದಾಯಿತು.

ಜೆಡಿಎಸ್ ಜೊತೆ ಚುನಾವಣೆಗೆ ಮೊದಲೇ ಕೈಜೋಡಿಸಿದ್ದ ಬಿಎಸ್‌ಪಿಯ ಒಬ್ಬ ಶಾಸಕ, ಕೆಪಿಜೆಪಿ (ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷ) ಎಂಬ ಸಣ್ಣ ಪಕ್ಷದ ಒಬ್ಬರು, ಒಬ್ಬ ಪಕ್ಷೇತರರು ಸೇರಿದರು. ಕುಮಾರಸ್ವಾಮಿ ರಾಮನಗರ ಮತ್ತು ಚನ್ನಪಟ್ಟಣ ಎರಡರಲ್ಲೂ ಗೆದ್ದಿದ್ದರಿಂದ ಒಂದು ಕಳೆಯಬೇಕು. ಹೀಗೆ ಮೈತ್ರಿಯ ಬಲ 117ಕ್ಕೆ ನಿಂತಿತು.

ರಾಜ್ಯಪಾಲರು ಯಾರನ್ನು ಕರೆಯಬೇಕಿತ್ತು?

ರಾಜ್ಯಪಾಲ ವಜುಭಾಯಿ ವಾಲಾ ಮೊದಲು ಕರೆದದ್ದು ಯಡಿಯೂರಪ್ಪನವರನ್ನು. ಬಹುಮತ ತೋರಿಸಲು 15 ದಿನ ಕೊಟ್ಟರು. ಇದೇ ಜಾಗದಲ್ಲಿ ದೊಡ್ಡ ವಾದ ಎದ್ದಿತು.

ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ ಎಂದಷ್ಟೇ ಸಂವಿಧಾನ ಹೇಳುತ್ತದೆ. ಅತಂತ್ರ ಸದನ ಬಂದಾಗ ಯಾರನ್ನು ಮೊದಲು ಕರೆಯಬೇಕು ಎಂದು ಅದರಲ್ಲಿ ಬರೆದಿಲ್ಲ. ಆ ಖಾಲಿ ಜಾಗವನ್ನು ತುಂಬಲು, ಕೇಂದ್ರ–ರಾಜ್ಯ ಸಂಬಂಧಗಳನ್ನು ಪರಿಶೀಲಿಸಿದ ಸರ್ಕಾರಿಯಾ ಆಯೋಗ ಒಂದು ಕ್ರಮ ಸೂಚಿಸಿತ್ತು. ಮೊದಲು ಚುನಾವಣಾಪೂರ್ವ ಮೈತ್ರಿಕೂಟ. ಆಮೇಲೆ, ಇತರರ ಬೆಂಬಲ ಇರುವ ಅತಿ ದೊಡ್ಡ ಪಕ್ಷ. ಆಮೇಲೆ, ಚುನಾವಣೆಯ ನಂತರ ಕೂಡಿಕೊಂಡ, ಎಲ್ಲರೂ ಸರ್ಕಾರದೊಳಗೆ ಸೇರುವ ಮೈತ್ರಿ. ಕೊನೆಗೆ, ಕೆಲವರು ಹೊರಗಿನಿಂದ ಬೆಂಬಲಿಸುವ ಮೈತ್ರಿ.

ಬಿಜೆಪಿ ಎರಡನೆಯದನ್ನು ತೋರಿಸಿತು: ನಾವೇ ಅತಿ ದೊಡ್ಡ ಪಕ್ಷ. ಕಾಂಗ್ರೆಸ್ ಮತ್ತು ಜೆಡಿಎಸ್ ಅದೇ ಸಾಲಿನ ‘ಇತರರ ಬೆಂಬಲ ಇರುವ’ ಎಂಬ ಭಾಗವನ್ನು ತೋರಿಸಿದವು. ಆ ಬೆಂಬಲ ಎಲ್ಲಿದೆ? ಎರಡು ದೊಡ್ಡ ಪಕ್ಷಗಳು ಲಿಖಿತವಾಗಿ ಕೂಡಿರುವಾಗ ಬಿಜೆಪಿಗೆ ಸಿಗಬಹುದಾಗಿದ್ದದ್ದು ಹೆಚ್ಚೆಂದರೆ ಬಿಡಿ ಶಾಸಕರಿಬ್ಬರು, ಕೆಪಿಜೆಪಿಯವರು ಮತ್ತು ಪಕ್ಷೇತರರು. 104 ಆಗ 106 ಆಗುತ್ತದೆ. ಉಳಿದವರು ಬೇರೆ ಪಕ್ಷ ಒಡೆದೇ ಬರಬೇಕು. ಹಾಗಾಗಿ ಆ 15 ದಿನದ ಗಡುವು ಯಾವುದಕ್ಕೆ ಎಂಬ ಪ್ರಶ್ನೆ ಎದ್ದದ್ದರಲ್ಲಿ ತಪ್ಪಿಲ್ಲ.

ತಮಾಷೆ ಎಂದರೆ, ಒಂದು ವರ್ಷದ ಹಿಂದೆ ಎರಡೂ ಕಡೆಯವರು ಇದೇ ವಾದವನ್ನು ಅದಲುಬದಲು ಮಾಡಿ ಮಂಡಿಸಿದ್ದರು. 2017ರ ಮಾರ್ಚ್‌ನಲ್ಲಿ ಗೋವಾದ 40 ಸೀಟಿನಲ್ಲಿ ಕಾಂಗ್ರೆಸ್ 17 ಗೆದ್ದಿತ್ತು, ಬಿಜೆಪಿ 13. ಅಲ್ಲಿನ ರಾಜ್ಯಪಾಲರು ಕರೆದದ್ದು ಚುನಾವಣೆಯ ನಂತರ ಇತರರನ್ನು ಕೂಡಿಸಿಕೊಂಡ ಬಿಜೆಪಿಯನ್ನು. ಮಣಿಪುರದಲ್ಲಿ 60ಕ್ಕೆ 28 ಗೆದ್ದ ಕಾಂಗ್ರೆಸ್ ಹೊರಗುಳಿಯಿತು, 21 ಗೆದ್ದ ಬಿಜೆಪಿ ಸರ್ಕಾರ ಮಾಡಿತು. ಆಗ ಬಿಜೆಪಿ ಹೇಳಿದ್ದು ಬಹುಮತ ಮುಖ್ಯ ಎಂದು. ಕಾಂಗ್ರೆಸ್ ಹೇಳಿದ್ದು ದೊಡ್ಡ ಪಕ್ಷಕ್ಕೆ ಮೊದಲ ಅವಕಾಶ ಎಂದು. ಬೆಂಗಳೂರಿಗೆ ಬರುವಷ್ಟರಲ್ಲಿ ಇಬ್ಬರೂ ಸಾಲು ಬದಲಿಸಿಕೊಂಡಿದ್ದರು.

ಸುಪ್ರೀಂ ಕೋರ್ಟ್ ಮೇ 16ರ ನಡುರಾತ್ರಿ ಕಳೆದು 17ರ ನಸುಕಿನಲ್ಲಿ ಕೂತು ವಿಚಾರಣೆ ನಡೆಸಿತು. ಪ್ರಮಾಣವಚನಕ್ಕೆ ತಡೆ ಕೊಡಲಿಲ್ಲ. ಆದರೆ ಮರುದಿನ, 15 ದಿನದ ಗಡುವನ್ನು ಕಿತ್ತುಹಾಕಿ 19ರ ಸಂಜೆ 4 ಗಂಟೆಗೆ ಸದನದಲ್ಲೇ ಬಲ ತೋರಿಸಿ ಎಂದಿತು. ಗುಟ್ಟಿನ ಮತದಾನ ಬೇಡ ಎಂದೂ ಹೇಳಿತು. ಯಾರನ್ನು ಕರೆಯಬೇಕು ಎಂಬ ಮೂಲ ಪ್ರಶ್ನೆಗೆ ಇದರಿಂದ ಉತ್ತರ ಸಿಗಲಿಲ್ಲ. ಆದರೆ ಆ ಪ್ರಶ್ನೆಯ ತೂಕ ಕಡಿಮೆಯಾಯಿತು. ಬಹುಮತ ಸಾಬೀತಾಗುವ ದಿನ ಹತ್ತಿರ ಬಂದಷ್ಟೂ, ಮೊದಲು ಕರೆಸಿಕೊಂಡವರಿಗೆ ಸಿಗುವ ಲಾಭ ಸಣ್ಣದಾಗುತ್ತದೆ.

ಬಹುಮತದ ಪರೀಕ್ಷೆ ರಾಜಭವನದಲ್ಲಲ್ಲ, ಸದನದಲ್ಲಿ ಎಂಬ ನಿಯಮವೂ ನಮ್ಮ ರಾಜ್ಯದಿಂದಲೇ ಬಂದದ್ದು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಸದನದಲ್ಲಿ ಬಲ ತೋರಿಸಲು ಬಿಡದೆ ವಜಾ ಮಾಡಲಾಗಿತ್ತು. ಆ ಪ್ರಕರಣದಲ್ಲಿ 1994ರಲ್ಲಿ ಬಂದ ತೀರ್ಪು ಇಂದಿಗೂ ಇಂಥ ಎಲ್ಲ ಜಗಳಗಳಿಗೆ ಆಧಾರ. ಬೊಮ್ಮಾಯಿಯವರಿಗೆ ಅದರಿಂದ ಕುರ್ಚಿ ವಾಪಸು ಬರಲಿಲ್ಲ, ಆ ಮಾತು ಬೇರೆ.

ಜನಾದೇಶ ಯಾರ ಕಡೆಗಿದೆ?

ಇದು ಜನಾದೇಶಕ್ಕೆ ಮಾಡಿದ ದ್ರೋಹ ಎಂದು ಬಿಜೆಪಿ ಹೇಳುತ್ತಿದೆ. ಅವರ ವಾದದಲ್ಲಿ ಹುರುಳಿದೆ. ಕಾಂಗ್ರೆಸ್ 2013ರಲ್ಲಿ 122 ಗೆದ್ದಿತ್ತು, ಈಗ 78ಕ್ಕೆ ಇಳಿದಿದೆ. ಹಲವು ಮಂತ್ರಿಗಳು ಸೋತಿದ್ದಾರೆ. ಜೆಡಿಎಸ್ ಕೂಡ 40ರಿಂದ 37ಕ್ಕೆ ಬಂದಿದೆ. ಬೆಳೆದದ್ದು ಬಿಜೆಪಿ ಒಂದೇ, 40ರಿಂದ 104ಕ್ಕೆ.

ಮೈತ್ರಿಯವರು ಮತಗಳ ಲೆಕ್ಕ ತೆಗೆಯುತ್ತಾರೆ. ಕಾಂಗ್ರೆಸ್ಸಿಗೆ ಶೇ. 38, ಬಿಜೆಪಿಗೆ ಶೇ. 36, ಜೆಡಿಎಸ್‌ಗೆ ಶೇ. 18ರಷ್ಟು ಮತ ಬಿದ್ದಿದೆ. ಸೀಟು ಕಡಿಮೆ ಬಂದರೂ ಮತ ಜಾಸ್ತಿ ಬಂದದ್ದು ಕಾಂಗ್ರೆಸ್ಸಿಗೆ. ಎರಡೂ ಸೇರಿದರೆ ಶೇ. 56. ಅರ್ಧಕ್ಕಿಂತ ಹೆಚ್ಚು ಜನ ಬಿಜೆಪಿ ಬೇಡ ಎಂದಿದ್ದಾರೆ ಎಂಬುದು ಇವರ ಮಾತು.

ಎರಡೂ ಅರ್ಧ ಸತ್ಯ. ಮತದಾರ ತನ್ನ ಕ್ಷೇತ್ರದಲ್ಲಿ ಒಬ್ಬ ಶಾಸಕನನ್ನು ಆರಿಸುತ್ತಾನೆ. ಮೈತ್ರಿ ಬೇಕೋ ಬೇಡವೋ ಎಂಬ ಗುಂಡಿ ಮತಯಂತ್ರದಲ್ಲಿ ಇರಲಿಲ್ಲ. ಮಂಡ್ಯದಲ್ಲಿ ಜೆಡಿಎಸ್‌ಗೆ ಮತ ಹಾಕಿದವರು ಸೋಲಿಸಲು ಹೊರಟದ್ದು ಕಾಂಗ್ರೆಸ್ಸನ್ನು, ಬಿಜೆಪಿಯನ್ನಲ್ಲ. ಅವರ ಮತವನ್ನು ‘ಬಿಜೆಪಿ ವಿರೋಧಿ’ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ. ಹಾಗೆಯೇ, 104 ಗೆದ್ದ ಮಾತ್ರಕ್ಕೆ ಉಳಿದ 118 ಕ್ಷೇತ್ರಗಳ ಜನರೂ ಬಿಜೆಪಿ ಸರ್ಕಾರ ಬೇಕು ಎಂದರು ಎನ್ನುವುದೂ ಸರಿಯಲ್ಲ. ಕಾನೂನಿನ ಮಟ್ಟಿಗೆ ಪ್ರಶ್ನೆ ಒಂದೇ: ಸದನದಲ್ಲಿ ಯಾರ ಹಿಂದೆ ಅರ್ಧಕ್ಕಿಂತ ಹೆಚ್ಚು ಕೈಗಳಿವೆ? ಮೇ 25ರಂದು ಕುಮಾರಸ್ವಾಮಿ ವಿಶ್ವಾಸಮತ ಕೇಳಿದಾಗ ಬಿಜೆಪಿ ಸದನದಿಂದ ಹೊರನಡೆಯಿತು. ಆ ಪ್ರಶ್ನೆಗೆ ಅಲ್ಲಿಗೆ ಉತ್ತರ ಸಿಕ್ಕಿತು.

ಕಾಂಗ್ರೆಸ್ ಯಾಕೆ ಇಷ್ಟು ಬಗ್ಗಿತು?

ಕಾಂಗ್ರೆಸ್ಸಿಗೆ ಬೇರೆ ದಾರಿ ಇರಲಿಲ್ಲ ಎಂಬುದು ಅರ್ಧ ಉತ್ತರ. ಅದು ಒಂದು ದಿನ ತಡ ಮಾಡಿದ್ದರೂ ಜೆಡಿಎಸ್ ಬಾಗಿಲಿಗೆ ಬಿಜೆಪಿ ಬರುತ್ತಿತ್ತು. ಗೋವಾದಲ್ಲಿ ನಾಯಕನ ಆಯ್ಕೆಯಲ್ಲಿ ಹೊತ್ತು ಕಳೆದು ಸರ್ಕಾರ ಕೈಬಿಟ್ಟದ್ದು ಆ ಪಕ್ಷಕ್ಕೆ ಚೆನ್ನಾಗಿ ನೆನಪಿತ್ತು. ಕೈಯಲ್ಲಿ ಉಳಿದಿರುವ ದೊಡ್ಡ ರಾಜ್ಯಗಳು ಬೆರಳೆಣಿಕೆಯಷ್ಟು. 2019ರಲ್ಲಿ ಲೋಕಸಭಾ ಚುನಾವಣೆ. 23ರ ಸಮಾರಂಭದ ವೇದಿಕೆ ನೋಡಿದವರಿಗೆ ಇದು ಅರ್ಥವಾಗಿರಬೇಕು. ಸೋನಿಯಾ, ರಾಹುಲ್ ಜೊತೆಗೆ ಮಮತಾ ಬ್ಯಾನರ್ಜಿ, ಮಾಯಾವತಿ, ಅಖಿಲೇಶ್ ಯಾದವ್, ಚಂದ್ರಬಾಬು ನಾಯ್ಡು, ಸೀತಾರಾಂ ಯೆಚೂರಿ ಎಲ್ಲರೂ ಅಲ್ಲಿದ್ದರು. ಬೆಂಗಳೂರಿನ ಕುರ್ಚಿಯನ್ನು ಬಿಟ್ಟುಕೊಟ್ಟು ದೆಹಲಿಗೆ ಬೇಕಾದ ಒಂದು ಚಿತ್ರವನ್ನು ಕಾಂಗ್ರೆಸ್ ಕೊಂಡುಕೊಂಡಿತು.

ಸಣ್ಣ ಪಕ್ಷಕ್ಕೆ ಕುರ್ಚಿ ಕೊಟ್ಟು ದೊಡ್ಡ ಪಕ್ಷ ಬೆಂಬಲಿಸುವುದು ಹೊಸದೂ ಅಲ್ಲ. 1996ರಲ್ಲಿ ಲೋಕಸಭೆಯಲ್ಲಿ 46 ಸೀಟಿದ್ದ ಜನತಾದಳದ ಎಚ್.ಡಿ. ದೇವೇಗೌಡರು ಪ್ರಧಾನಿಯಾದದ್ದು ಕಾಂಗ್ರೆಸ್ಸಿನ ಬಾಹ್ಯ ಬೆಂಬಲದಿಂದಲೇ. ಅವರು ಪ್ರಮಾಣವಚನ ತೆಗೆದುಕೊಂಡದ್ದೂ ಜೂನ್ 1ರಂದೇ. ಒಂದು ವರ್ಷ ತುಂಬುವ ಮೊದಲೇ ಕಾಂಗ್ರೆಸ್ ಬೆಂಬಲ ವಾಪಸು ಪಡೆಯಿತು, ಗೌಡರು ಇಳಿದರು. ಆ ಕಹಿ ಆ ಮನೆಯಲ್ಲಿ ಇನ್ನೂ ಇದೆ. ಈ ಸಲ ಕಾಂಗ್ರೆಸ್ ಹೊರಗೆ ನಿಲ್ಲದೆ ಸರ್ಕಾರದ ಒಳಗೇ ಬಂದಿರುವುದಕ್ಕೂ, ಐದು ವರ್ಷ ಕುಮಾರಸ್ವಾಮಿಯೇ ಮುಖ್ಯಮಂತ್ರಿ ಎಂಬ ಮಾತು ಒಪ್ಪಂದದಲ್ಲಿ ಸೇರಿರುವುದಕ್ಕೂ ಆ ಅನುಭವವೇ ಕಾರಣ ಎಂದರೆ ತಪ್ಪಾಗಲಾರದು. ಒಳಗಿದ್ದವರು ಸರ್ಕಾರ ಕೆಡವಿದರೆ ತಮ್ಮ ಮಂತ್ರಿಗಿರಿಯನ್ನೂ ಕಳೆದುಕೊಳ್ಳುತ್ತಾರೆ.

ಕಾಂಗ್ರೆಸ್ ಕಡೆಗೂ ಕಹಿ ನೆನಪಿದೆ. 2004ರಲ್ಲೂ ಇಂಥದ್ದೇ ಅತಂತ್ರ ಸ್ಥಿತಿ: ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಕಾಂಗ್ರೆಸ್ ಮತ್ತು ಜೆಡಿಎಸ್ ಕೂಡಿ ಕಾಂಗ್ರೆಸ್ಸಿನ ಧರ್ಮಸಿಂಗ್ ಮುಖ್ಯಮಂತ್ರಿಯಾದರು. 2006ರ ಆರಂಭದಲ್ಲಿ ಕುಮಾರಸ್ವಾಮಿ ಬೆಂಬಲಿಗ ಶಾಸಕರ ಜೊತೆ ಹೊರಬಂದು ಬಿಜೆಪಿ ಜೊತೆ ಸರ್ಕಾರ ಮಾಡಿದರು. ತಲಾ 20 ತಿಂಗಳ ಮಾತಾಗಿತ್ತು. ತಮ್ಮ ಸರದಿ ಮುಗಿದಾಗ ಬಿಜೆಪಿಗೆ ಅಧಿಕಾರ ಬಿಟ್ಟುಕೊಡಲಿಲ್ಲ. ಆಮೇಲೆ ಹೇಗೋ ಮಾತಾಗಿ 2007ರ ನವೆಂಬರ್‌ನಲ್ಲಿ ಯಡಿಯೂರಪ್ಪ ಮುಖ್ಯಮಂತ್ರಿಯಾದರೆ ಅದು ಒಂದು ವಾರಕ್ಕೇ ಮುಗಿಯಿತು. ಮೂರೂ ಪಕ್ಷಗಳು ಒಂದಲ್ಲ ಒಂದು ಸಲ ಇನ್ನೊಬ್ಬರಿಂದ ಪೆಟ್ಟು ತಿಂದಿವೆ.

ಹಳೇ ಮೈಸೂರಿನ ಜಗಳ

ಮೇಲಿನವರು ಕೈಜೋಡಿಸುವುದು ಕಷ್ಟವಲ್ಲ. ಈ ಮೈತ್ರಿಯ ನಿಜವಾದ ತೊಡಕು ಇರುವುದು ವಿಧಾನಸೌಧದಲ್ಲಿ ಅಲ್ಲ, ಹಳೇ ಮೈಸೂರು ಭಾಗದ ತಾಲ್ಲೂಕುಗಳಲ್ಲಿ.

ಮಂಡ್ಯ ಜಿಲ್ಲೆಯ 7 ಸೀಟೂ ಜೆಡಿಎಸ್‌ಗೆ ಬಂದಿವೆ. ಹಾಸನದ 7ರಲ್ಲಿ 6. ಇಲ್ಲಿ ಸ್ಪರ್ಧೆ ನಡೆದದ್ದು ಬಹುತೇಕ ಕಾಂಗ್ರೆಸ್ ಮತ್ತು ಜೆಡಿಎಸ್ ನಡುವೆ. ಗೆದ್ದವರು ಒಬ್ಬ ಪಾಲುದಾರ, ಸೋತವರು ಇನ್ನೊಬ್ಬ ಪಾಲುದಾರ. ಚಾಮುಂಡೇಶ್ವರಿಯಲ್ಲಿ ಸಿದ್ದರಾಮಯ್ಯನವರನ್ನೇ ಜೆಡಿಎಸ್‌ನ ಜಿ.ಟಿ. ದೇವೇಗೌಡರು 36 ಸಾವಿರಕ್ಕೂ ಹೆಚ್ಚು ಮತದಿಂದ ಸೋಲಿಸಿದರು. ಸಿದ್ದರಾಮಯ್ಯ ಸದನಕ್ಕೆ ಬಂದದ್ದು ದೂರದ ಬಾದಾಮಿಯಿಂದ, ಅದೂ 1,696 ಮತಗಳ ಅಂತರದಲ್ಲಿ.

ಈ ಜಗಳಕ್ಕೆ ಇತಿಹಾಸವೂ ಇದೆ. 2004ರ ಮೈತ್ರಿ ಸರ್ಕಾರದಲ್ಲಿ ಜೆಡಿಎಸ್ ಕಡೆಯಿಂದ ಉಪಮುಖ್ಯಮಂತ್ರಿ ಆಗಿದ್ದವರೇ ಸಿದ್ದರಾಮಯ್ಯ. 2005ರಲ್ಲಿ ಜೆಡಿಎಸ್ ಅವರನ್ನು ಹೊರಹಾಕಿತು. ಕಾಂಗ್ರೆಸ್ ಸೇರಿ 2006ರ ಕೊನೆಯಲ್ಲಿ ಚಾಮುಂಡೇಶ್ವರಿ ಉಪಚುನಾವಣೆಗೆ ನಿಂತಾಗ, ಆಗ ಸರ್ಕಾರದಲ್ಲಿದ್ದ ಜೆಡಿಎಸ್ ಮತ್ತು ಬಿಜೆಪಿ ಎರಡೂ ಅವರ ವಿರುದ್ಧ ನಿಂತಿದ್ದವು. ಗೆದ್ದದ್ದು 257 ಮತದಿಂದ. ಅದೇ ಸಿದ್ದರಾಮಯ್ಯ 2018ರಲ್ಲಿ ಎರಡೂ ಪಕ್ಷಗಳ ಸಮನ್ವಯ ಸಮಿತಿಯ ಅಧ್ಯಕ್ಷರಾದರು! ಕಾಂಗ್ರೆಸ್ಸಿನ ಡಿ.ಕೆ. ಶಿವಕುಮಾರ್ ಕಥೆಯೂ ಬೇರೆಯಲ್ಲ. 1985ರಲ್ಲಿ ಸಾತನೂರಿನಲ್ಲಿ, 2002ರಲ್ಲಿ ಕನಕಪುರ ಲೋಕಸಭಾ ಉಪಚುನಾವಣೆಯಲ್ಲಿ ಅವರು ನಿಂತದ್ದು ದೇವೇಗೌಡರ ಎದುರೇ. ಮೇ ತಿಂಗಳಲ್ಲಿ ಬಿಡದಿಯ ರೆಸಾರ್ಟಿನಿಂದ ಹೈದರಾಬಾದಿನವರೆಗೆ ಶಾಸಕರನ್ನು ಕಾದು ಗೌಡರ ಮಗನನ್ನು ಮುಖ್ಯಮಂತ್ರಿ ಮಾಡಿದವರಲ್ಲಿ ಅವರೇ ಮುಂದಿದ್ದರು.

ನಾಯಕರು ಇಂಥದ್ದನ್ನು ದಾಟಬಲ್ಲರು. ಅವರಿಗೆ ಪ್ರತಿಫಲ ಸಿಗುತ್ತದೆ. ತಾಲ್ಲೂಕಿನ ಕಾರ್ಯಕರ್ತನಿಗೆ ಏನು ಸಿಗುತ್ತದೆ? ಹಳ್ಳಿಯಲ್ಲಿ ಪಕ್ಷ ಎಂದರೆ ಸಿದ್ಧಾಂತ ಕಡಿಮೆ, ಗುಂಪು ಜಾಸ್ತಿ. ರಸ್ತೆ ಕಾಮಗಾರಿ ಯಾರಿಗೆ, ತಹಶೀಲ್ದಾರ್ ಯಾರ ಕಡೆಯವರು, ಪೊಲೀಸ್ ಠಾಣೆಯಲ್ಲಿ ಯಾರ ಮಾತು ನಡೆಯುತ್ತದೆ, ಡೇರಿ ಅಧ್ಯಕ್ಷ ಯಾರು ಎಂಬುದೇ ಅಲ್ಲಿನ ರಾಜಕೀಯ. ಹಿಂದಿನ ಐದು ವರ್ಷ ಕಾಂಗ್ರೆಸ್ಸಿನವರ ಮಾತು ನಡೆಯಿತು. ಈಗ ಶಾಸಕರೂ ಜೆಡಿಎಸ್, ಮುಖ್ಯಮಂತ್ರಿಯೂ ಜೆಡಿಎಸ್. ಸೋತ ಕಾಂಗ್ರೆಸ್ ಅಭ್ಯರ್ಥಿಯ ಹಿಂದೆ ನಿಂತವನಿಗೆ ತನ್ನ ಪಕ್ಷ ಅಧಿಕಾರದಲ್ಲಿದೆ ಎಂಬುದು ಕೇಳಲಿಕ್ಕೆ ಚೆಂದ, ಅಷ್ಟೇ. ಒಕ್ಕಲಿಗರ ದೊಡ್ಡ ಪಾಲು ಜೆಡಿಎಸ್ ಕಡೆಗೆ, ಅಹಿಂದ (ಅಲ್ಪಸಂಖ್ಯಾತ, ಹಿಂದುಳಿದ, ದಲಿತ) ಗುಂಪುಗಳ ದೊಡ್ಡ ಪಾಲು ಕಾಂಗ್ರೆಸ್ ಕಡೆಗೆ ಎಂಬ ಹಂಚಿಕೆಯೂ ಇದರ ಜೊತೆ ಬೆರೆತಿದೆ. ಸಮನ್ವಯ ಸಮಿತಿ ತಿಂಗಳಿಗೊಮ್ಮೆ ಬೆಂಗಳೂರಿನಲ್ಲಿ ಕೂತರೆ ಇದು ಬಗೆಹರಿಯುವುದಿಲ್ಲ.

ಅಸಮಾಧಾನಗೊಂಡ ಕಾಂಗ್ರೆಸ್ಸಿಗ ಎಲ್ಲಿಗೆ ಹೋಗಬೇಕು? ಜೆಡಿಎಸ್ ವಿರುದ್ಧ ನಿಂತಿರುವ ಪಕ್ಷ ಈಗ ಒಂದೇ ಉಳಿದಿದೆ. ಮಂಡ್ಯದಂಥ ಜಿಲ್ಲೆಯಲ್ಲಿ ಬಿಜೆಪಿಗೆ ಇದುವರೆಗೆ ದೊಡ್ಡ ನೆಲೆ ಇರಲಿಲ್ಲ. ವಿರೋಧದ ಜಾಗವನ್ನು ಕಾಂಗ್ರೆಸ್ ಮತ್ತು ಜೆಡಿಎಸ್ ಹಂಚಿಕೊಂಡಿದ್ದವು. ಇಬ್ಬರೂ ಸರ್ಕಾರದೊಳಗೆ ಹೋದದ್ದರಿಂದ ಆ ಜಾಗ ಖಾಲಿಯಾಗಿದೆ.

ಶೇ. 56ರ ಲೆಕ್ಕ ದಾರಿ ತಪ್ಪಿಸುವುದೂ ಇಲ್ಲಿಯೇ. ಜೆಡಿಎಸ್ ಮತ ಇರುವುದು ಹೆಚ್ಚಾಗಿ ಹಳೇ ಮೈಸೂರಿನಲ್ಲಿ. ಅಲ್ಲಿ ಬಿಜೆಪಿಯನ್ನು ಸೋಲಿಸಲು ಎರಡೂ ಪಕ್ಷ ಕೂಡಬೇಕಾದ ಕ್ಷೇತ್ರಗಳು ಕಡಿಮೆ. ಬಿಜೆಪಿ ಬಲವಾಗಿರುವ ಕರಾವಳಿಯಲ್ಲಿ ಜೆಡಿಎಸ್ ಹೆಸರಿಗಷ್ಟೇ ಇದೆ. ಉಡುಪಿಯ 5ಕ್ಕೆ 5, ದಕ್ಷಿಣ ಕನ್ನಡದ 8ರಲ್ಲಿ 7 ಬಿಜೆಪಿಗೆ ಹೋಗಿವೆ. ಅಲ್ಲಿ ಕೂಡಿಸಲು ಜೆಡಿಎಸ್ ಮತವೇ ಇಲ್ಲ. ಕೂಡಿಸುವ ಅಗತ್ಯ ಇರುವಲ್ಲಿ ಮತವಿಲ್ಲ, ಮತ ಇರುವಲ್ಲಿ ಕೂಡುವ ಮನಸ್ಸಿಲ್ಲ.

ಇದಕ್ಕೆ ಮೊದಲ ಪುರಾವೆ ಆಗಲೇ ಸಿಕ್ಕಿದೆ. ಕುಮಾರಸ್ವಾಮಿ ಪ್ರಮಾಣ ಮಾಡಿದ ಐದೇ ದಿನಕ್ಕೆ ರಾಜರಾಜೇಶ್ವರಿ ನಗರದಲ್ಲಿ ಮತದಾನ ನಡೆಯಿತು. ಮಿತ್ರಪಕ್ಷ ಕಾಂಗ್ರೆಸ್ಸಿನ ವಿರುದ್ಧ ಜೆಡಿಎಸ್ ಅಭ್ಯರ್ಥಿ ಕಣದಲ್ಲೇ ಇದ್ದರು. ಕಾಂಗ್ರೆಸ್ ಗೆದ್ದಿತು, ಬಿಜೆಪಿ ಎರಡನೆಯದು, ಜೆಡಿಎಸ್ ಮೂರನೆಯದು.

ಒಪ್ಪಂದದಲ್ಲಿ ಏನಿದೆ, ಏನಿಲ್ಲ

ಶುಕ್ರವಾರದ ಒಪ್ಪಂದದಂತೆ ಕಾಂಗ್ರೆಸ್ಸಿಗೆ 22, ಜೆಡಿಎಸ್‌ಗೆ 12 ಮಂತ್ರಿ ಸ್ಥಾನ. 34 ಎಂಬ ಮಿತಿ ಬಂದದ್ದು ಸಂವಿಧಾನದ 91ನೇ ತಿದ್ದುಪಡಿಯಿಂದ. ಸದನದ ಬಲದ ಶೇ. 15ಕ್ಕಿಂತ ಹೆಚ್ಚು ಮಂತ್ರಿಗಳಿರುವಂತಿಲ್ಲ. ಹಣಕಾಸು ಜೆಡಿಎಸ್‌ಗೆ, ಗೃಹ ಕಾಂಗ್ರೆಸ್ಸಿಗೆ. 2019ರ ಲೋಕಸಭೆಗೆ ಒಟ್ಟಾಗಿ ಸ್ಪರ್ಧೆ. ಸಮನ್ವಯ ಸಮಿತಿ. ಇಷ್ಟಕ್ಕೆ ಒಂದು ವಾರಕ್ಕೂ ಹೆಚ್ಚು ಹಿಡಿಯಿತು. ಅಲ್ಲಿಯವರೆಗೆ ರಾಜ್ಯದಲ್ಲಿ ಇದ್ದದ್ದು ಮುಖ್ಯಮಂತ್ರಿ ಮತ್ತು ಉಪಮುಖ್ಯಮಂತ್ರಿ ಇಬ್ಬರೇ. ಸಂಪುಟ ವಿಸ್ತರಣೆ ಜೂನ್ 6ಕ್ಕೆ ನಿಗದಿಯಾಗಿದೆ.

ಯಾರಿಗೆ ಏನು ಎಂಬುದು ಇದರಲ್ಲಿದೆ. ಏನು ಮಾಡುತ್ತೇವೆ ಎಂಬುದು ಇನ್ನೂ ಬಂದಿಲ್ಲ. ಎರಡು ಪ್ರಣಾಳಿಕೆಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಬೀಳುತ್ತದೆ ಎಂದು ಕೂತು ಬರೆದಿಲ್ಲ.

ಜರ್ಮನಿಯಲ್ಲೂ ಇತ್ತೀಚೆಗೆ ಎದುರಾಳಿಗಳೇ ಸರ್ಕಾರ ಮಾಡಿದರು. 2017ರ ಸೆಪ್ಟೆಂಬರಿನ ಚುನಾವಣೆ ಅತಂತ್ರವಾದ ಮೇಲೆ ಆಂಗೆಲಾ ಮರ್ಕೆಲ್ ಪಕ್ಷ ಮತ್ತು ಸೋಷಿಯಲ್ ಡೆಮಾಕ್ರಾಟರು 2018ರ ಮಾರ್ಚ್‌ನಲ್ಲಿ ಒಟ್ಟಾದರು. ಸುಮಾರು ಆರು ತಿಂಗಳು ಹಿಡಿಯಿತು. ಒಪ್ಪಂದ 170 ಪುಟ ದಾಟಿತು. ಸೋಷಿಯಲ್ ಡೆಮಾಕ್ರಾಟರು ಅದನ್ನು ತಮ್ಮ ಪಕ್ಷದ ಸಾಮಾನ್ಯ ಸದಸ್ಯರ ಮತಕ್ಕೇ ಹಾಕಿದರು, ಮೂರನೇ ಎರಡರಷ್ಟು ಜನ ಹೂಂ ಎಂದರು. ಆ ದೇಶದಲ್ಲಿ ಸರ್ಕಾರ ಕೆಡವಬೇಕಾದರೆ ಮುಂದಿನ ಚಾನ್ಸಲರ್ ಯಾರು ಎಂದು ಹೇಳಿ ಅವರಿಗೆ ಬಹುಮತ ತೋರಿಸಬೇಕು, ಸುಮ್ನೆ ಬೀಳಿಸಿ ಹೋಗುವಂತಿಲ್ಲ.

ನಮಗೆ ಆರು ತಿಂಗಳ ಐಷಾರಾಮವಿಲ್ಲ. ಒಂದು ವಾರ ತಡವಾದರೆ ಶಾಸಕರು ಎಲ್ಲಿರುತ್ತಾರೋ ಗೊತ್ತಿಲ್ಲ, ಅಲ್ವಾ? ಆದ್ದರಿಂದ ಇಲ್ಲಿ ಮೊದಲು ಪ್ರಮಾಣವಚನ, ಆಮೇಲೆ ಖಾತೆ, ಕೊನೆಗೆ ಕಾರ್ಯಕ್ರಮ. ಕಾರ್ಯಕ್ರಮ ಕೊನೆಗೆ ಬರುವುದರಿಂದ ಪ್ರತಿ ತೀರ್ಮಾನಕ್ಕೂ ಹೊಸದಾಗಿ ಚೌಕಾಸಿ ನಡೆಯಬೇಕಾಗುತ್ತದೆ.

ಸಾಲ ಮನ್ನಾ: ಮೊದಲ ಪರೀಕ್ಷೆ

ಅಧಿಕಾರಕ್ಕೆ ಬಂದ 24 ಗಂಟೆಯೊಳಗೆ ರೈತರ ಎಲ್ಲ ಸಾಲ ಮನ್ನಾ ಎಂದು ಕುಮಾರಸ್ವಾಮಿ ಹೇಳಿದ್ದರು. ಚರ್ಚೆಯಲ್ಲಿರುವ ಮೊತ್ತ ಸುಮಾರು 53,000 ಕೋಟಿ ರೂಪಾಯಿ. 2018ರ ಫೆಬ್ರುವರಿಯಲ್ಲಿ ಸಿದ್ದರಾಮಯ್ಯ ಮಂಡಿಸಿದ ಇಡೀ ಬಜೆಟ್ಟಿನ ಗಾತ್ರ 2.09 ಲಕ್ಷ ಕೋಟಿ. ಅಂದರೆ ಬಜೆಟ್ಟಿನ ಕಾಲು ಭಾಗ. ಕಾಂಗ್ರೆಸ್ ಸರ್ಕಾರ 2017ರಲ್ಲಿ ಮನ್ನಾ ಮಾಡಿದ್ದು 8,165 ಕೋಟಿ. ಅದೂ ಸಹಕಾರ ಸಂಘಗಳ ಸಾಲದಲ್ಲಿ 50,000 ರೂಪಾಯಿವರೆಗೆ ಮಾತ್ರ. ಈಗಿನ ಮಾತು ರಾಷ್ಟ್ರೀಕೃತ ಬ್ಯಾಂಕುಗಳ ಸಾಲವನ್ನೂ ಸೇರಿಸಿಕೊಂಡದ್ದು. ಆ ಬ್ಯಾಂಕುಗಳ ಮೇಲೆ ರಾಜ್ಯಕ್ಕೆ ಹಿಡಿತವಿಲ್ಲ. ಅವುಗಳಿಗೆ ದುಡ್ಡು ಕಟ್ಟಬೇಕು.

ದುಡ್ಡು ಎಲ್ಲಿಂದ? ಸಾಲ ತರಬಹುದು, ಆದರೆ ಅದಕ್ಕೆ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಮಿತಿ ಇದೆ. ಇಲ್ಲವೇ ಬೇರೆ ಯೋಜನೆಗಳಿಗೆ ಕತ್ತರಿ ಹಾಕಬೇಕು. ದೊಡ್ಡ ಯೋಜನೆಗಳು ಯಾವುವು? ಅನ್ನಭಾಗ್ಯ, ಇಂದಿರಾ ಕ್ಯಾಂಟೀನ್‌ನಂಥವು, ಕಾಂಗ್ರೆಸ್ ತನ್ನ ಹೆಗ್ಗುರುತು ಎಂದು ಹೇಳಿಕೊಳ್ಳುವಂಥವು. ಸಾಲ ಮನ್ನಾದ ಹೆಸರು ಜೆಡಿಎಸ್‌ಗೆ, ಅದರ ಖರ್ಚು ಕಾಂಗ್ರೆಸ್ ಯೋಜನೆಗಳಿಗೆ ಎಂದಾದರೆ 22 ಮಂತ್ರಿಗಳು ಸುಮ್ಮನಿರುತ್ತಾರೆಯೇ? ಮನ್ನಾ ಮಾಡದಿದ್ದರೆ ಮಾತು ತಪ್ಪಿದರು ಎಂಬ ಆರೋಪ ಹೊರುವವರು ಕುಮಾರಸ್ವಾಮಿ. ಇದೇ ಕಾರಣಕ್ಕೆ ಹೊಸ ಬಜೆಟ್ ಬೇಕೇ, ಹಳೆಯದೇ ಸಾಕೇ ಎಂಬ ಪ್ರಶ್ನೆ ಬರೀ ಲೆಕ್ಕಪತ್ರದ್ದಲ್ಲ. ಹೊಸ ಬಜೆಟ್ ಬಂತೆಂದರೆ ಸಿದ್ದರಾಮಯ್ಯನವರ ಕೊನೆಯ ಬಜೆಟ್ಟಿಗೆ ಬೆಲೆ ಇಲ್ಲದಂತಾಗುತ್ತದೆ.

ಬಿಜೆಪಿ ಇದನ್ನು ಸರಿಯಾಗಿಯೇ ಗುರುತಿಸಿದೆ. ಮೇ 28ರಂದೇ ಸಾಲ ಮನ್ನಾಕ್ಕಾಗಿ ಬಂದ್‌ಗೆ ಕರೆ ಕೊಟ್ಟಿತ್ತು. ಮುಖ್ಯಮಂತ್ರಿ ರೈತ ಮುಖಂಡರನ್ನು ಕರೆಸಿ ಸಮಯ ಕೇಳಿದ್ದಾರೆ. ತಮಗೆ ಪೂರ್ಣ ಬಹುಮತವಿಲ್ಲ, ಕಾಂಗ್ರೆಸ್ ಒಪ್ಪಬೇಕು ಎಂದು ಬಹಿರಂಗವಾಗಿಯೇ ಹೇಳಿದ್ದಾರೆ. ಆ ಮಾತು ನಿಜ. ಆದರೆ ಸರ್ಕಾರದ ಮುಖ್ಯಸ್ಥರೇ ತಮ್ಮ ಕೈ ಕಟ್ಟಿದೆ ಎಂದರೆ ಅಧಿಕಾರಿಗಳು ಯಾರ ಬಾಯಿ ನೋಡಬೇಕು?

ಸರ್ಕಾರ ಬೀಳಲು ಎಷ್ಟು ಜನ ಬೇಕು?

ಪಕ್ಷಾಂತರ ನಿಷೇಧ ಕಾಯ್ದೆ ಇದೆಯಲ್ಲ, ಶಾಸಕರು ಹೇಗೆ ಹೋಗುತ್ತಾರೆ ಎಂದು ಕೇಳಬಹುದು. ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಸದಸ್ಯತ್ವ ಹೋಗುತ್ತದೆ, ನಿಜ. ಕಾಯ್ದೆಯ ಕಣ್ಣಿಗೆ ಬೀಳದ ದಾರಿ ಎಂದರೆ ರಾಜೀನಾಮೆ. 2008ರಲ್ಲಿ 110 ಗೆದ್ದು ಮೂರು ಕಡಿಮೆಯಾಗಿದ್ದ ಬಿಜೆಪಿ ಮೊದಲು ಪಕ್ಷೇತರರನ್ನು ಸೇರಿಸಿಕೊಂಡಿತು. ಆಮೇಲೆ ಬೇರೆ ಪಕ್ಷದ ಶಾಸಕರು ರಾಜೀನಾಮೆ ಕೊಟ್ಟರು. ಅವರಲ್ಲಿ ಹಲವರು ಬಿಜೆಪಿ ಟಿಕೆಟಿನಲ್ಲಿ ಗೆದ್ದು ಬಂದರು. ‘ಆಪರೇಷನ್ ಕಮಲ’ ಎಂಬ ಹೆಸರು ಹುಟ್ಟಿದ್ದು ಆಗಲೇ.

ಈಗಿನ ಸದನಕ್ಕೆ ಅದೇ ಲೆಕ್ಕ ಹಾಕೋಣ. ಖಾಲಿ ಇರುವ ಎಲ್ಲ ಸೀಟುಗಳನ್ನೂ ಮೈತ್ರಿಯೇ ಗೆದ್ದಿತು ಎಂದುಕೊಳ್ಳಿ. ಚುನಾಯಿತ 224ರಲ್ಲಿ ಬಿಜೆಪಿ 104, ಮೈತ್ರಿ ಮತ್ತು ಅದರ ಬೆಂಬಲಿಗರು 120. ಒಬ್ಬೊಬ್ಬರು ರಾಜೀನಾಮೆ ಕೊಟ್ಟಂತೆ ಸದನದ ಒಟ್ಟು ಬಲವೂ ಕುಗ್ಗುತ್ತದೆ, ಬಹುಮತದ ಗೆರೆಯೂ ಇಳಿಯುತ್ತದೆ. 17 ಜನ ಹೋದರೆ ಸದನ 207ಕ್ಕೆ ಬರುತ್ತದೆ. ಅಲ್ಲಿ 104 ಎಂದರೆ ಬಹುಮತ. ಬಿಡಿ ಶಾಸಕರಿಬ್ಬರೂ ಬಿಜೆಪಿ ಕಡೆ ತಿರುಗಿದರೆ 13 ರಾಜೀನಾಮೆ ಸಾಕು.

13ರಿಂದ 17 ಜನ ಎಂಬುದು ಸಣ್ಣ ಸಂಖ್ಯೆಯಲ್ಲ. ಆದರೆ ಸಿಗದ ಸಂಖ್ಯೆಯೂ ಅಲ್ಲ. ಕಾಂಗ್ರೆಸ್ಸಿನ ಸುಮಾರು 80 ಶಾಸಕರಲ್ಲಿ ಮಂತ್ರಿಯಾಗುವವರು 22 ಜನ. ಹಿಂದೆ ಮಂತ್ರಿಯಾಗಿದ್ದು ಈಗ ಹೊರಗುಳಿಯುವವರು, ಮೂರು ನಾಲ್ಕು ಸಲ ಗೆದ್ದೂ ಅವಕಾಶ ಸಿಗದವರು, ಜಿಲ್ಲೆಗೆ ಒಂದೂ ಸ್ಥಾನ ಬಾರದವರು ಇದ್ದೇ ಇರುತ್ತಾರೆ. ಅವರನ್ನು ನಿಗಮ ಮಂಡಳಿಗಳಲ್ಲಿ ಕೂರಿಸಬಹುದು. ಅಲ್ಲೂ ಜೆಡಿಎಸ್ ಪಾಲು ಕೇಳುತ್ತದೆ. ಹಾಗಾಗಿ ಜೂನ್ 6ರಂದು ಪ್ರಮಾಣ ಮಾಡುವವರ ಪಟ್ಟಿಗಿಂತ, ಅಂದು ಸಂಜೆ ಯಾರು ಫೋನ್ ಸ್ವಿಚ್ ಆಫ್ ಮಾಡಿಕೊಂಡರು ಎಂಬುದು ಈ ಸರ್ಕಾರದ ಆಯಸ್ಸಿನ ಬಗ್ಗೆ ಜಾಸ್ತಿ ಹೇಳುತ್ತದೆ.

ಲೋಕಸಭೆಯವರೆಗೆ ದೊಡ್ಡ ಅಪಾಯ ಬರಲಿಕ್ಕಿಲ್ಲ ಎಂದು ನನ್ನ ಅಂದಾಜು. ಒಟ್ಟಾಗಿ ನಿಲ್ಲುತ್ತೇವೆ ಎಂದು ಸಾರಿದ ಮೇಲೆ ಈಗಲೇ ಮುರಿದುಕೊಂಡರೆ ಇಬ್ಬರಿಗೂ ಮುಖವಿಲ್ಲ. ಫಲಿತಾಂಶ ಕೆಟ್ಟದಾಗಿ ಬಂದರೆ ಮಾತ್ರ ಕಾಂಗ್ರೆಸ್ ಶಾಸಕರಿಗೆ ಈ ಹೊರೆ ಯಾಕೆ ಹೊರಬೇಕು ಎನಿಸುತ್ತದೆ.

28 ಸೀಟು ಹಂಚುವುದು ಹೇಗೆ?

2014ರಲ್ಲಿ ರಾಜ್ಯದ 28 ಲೋಕಸಭಾ ಸೀಟುಗಳಲ್ಲಿ ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2 ಗೆದ್ದಿದ್ದವು. ಜೆಡಿಎಸ್‌ನ ಎರಡೆಂದರೆ ಹಾಸನ ಮತ್ತು ಮಂಡ್ಯ. ಮುಖ್ಯಮಂತ್ರಿ ಸ್ಥಾನ ಹಿಡಿದ ಪಕ್ಷ ಎರಡಕ್ಕೆ ತೃಪ್ತಿಪಡುವುದಿಲ್ಲ. ಹೆಚ್ಚು ಕೇಳಿದರೆ ಯಾವುದನ್ನು ಕೇಳುತ್ತದೆ? ತನ್ನ ಬಲ ಇರುವ ಕಡೆಯೇ ಕೇಳಬೇಕು: ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರ, ಮೈಸೂರು. ಇವುಗಳಲ್ಲಿ ಮೈಸೂರು ಬಿಟ್ಟು ನಾಲ್ಕರಲ್ಲೂ 2014ರಲ್ಲಿ ಗೆದ್ದದ್ದು ಕಾಂಗ್ರೆಸ್ಸಿನವರು. ಕೂತಿರುವ ಸಂಸದರನ್ನು ಎಬ್ಬಿಸಿ ಮಿತ್ರರಿಗೆ ಜಾಗ ಕೊಟ್ಟರೆ ಅವರ ಕಾರ್ಯಕರ್ತರು ಯಾರಿಗೆ ಕೆಲಸ ಮಾಡುತ್ತಾರೆ? ಮಂಡ್ಯವನ್ನು ಜೆಡಿಎಸ್‌ಗೆ ಬಿಟ್ಟರೆ, ವಿಧಾನಸಭಾ ಚುನಾವಣೆಯಲ್ಲಿ ಮೊನ್ನೆಯಷ್ಟೇ ಅದೇ ಪಕ್ಷದೆದುರು ಸೋತ ಕಾಂಗ್ರೆಸ್ಸಿಗರು ಅದರ ಬಾವುಟ ಹಿಡಿಯಬೇಕಾಗುತ್ತದೆ.

ಇದರ ಸಣ್ಣ ಸುಳಿವೊಂದು ಕೆಲವೇ ದಿನಗಳಲ್ಲಿ ಸಿಗಲಿದೆ. ಜಯನಗರದಲ್ಲಿ ಜೂನ್ 11ಕ್ಕೆ ಮತದಾನ. ಅಲ್ಲಿ ಗೆಲ್ಲುವ ಬಲ ಜೆಡಿಎಸ್‌ಗೆ ಇಲ್ಲ, ಕಾಂಗ್ರೆಸ್ ಮತ ಒಡೆಯುವ ಬಲ ಇದೆ. ಬೆಂಗಳೂರಿನ ಮಧ್ಯಮ ವರ್ಗದ ಆ ಕ್ಷೇತ್ರ ಹಳೇ ಮೈಸೂರಿನ ಹಳ್ಳಿಯಲ್ಲ, ಹಳೆಯ ಗುಂಪು ಜಗಳಗಳೂ ಅಷ್ಟಿಲ್ಲ. ಅಂಥ ಸುಲಭದ ಜಾಗದಲ್ಲಿ ಜೆಡಿಎಸ್ ಅಭ್ಯರ್ಥಿ ಹಿಂದೆ ಸರಿಯುತ್ತಾರೋ, ರಾಜರಾಜೇಶ್ವರಿ ನಗರದಂತೆ ಕಣದಲ್ಲೇ ಉಳಿಯುತ್ತಾರೋ ನೋಡಬೇಕು. ಅಲ್ಲೇ ಸರಿಯದಿದ್ದರೆ ತುಮಕೂರು, ಮಂಡ್ಯದ ಮಾತುಕತೆಗೆ ಕೂರುವವರು ಮೊದಲ ದಿನದಿಂದಲೇ ಒಬ್ಬರನ್ನೊಬ್ಬರು ನಂಬದೆ ಕೂರುತ್ತಾರೆ.